ಪದ ಬೇಕು: ಹಳ್ಳಕ್ಕೆ ನೀರು ಬರುವ ಇಡೀ ನೆಲಕ್ಕೆ ಏನೆನ್ನೋಣ? (ನಾಳೆ ಸಂಜೆಯೊಳಗೆ)

ಕೊಪ್ಪಳದಿಂದ:
ಎಲ್ಲರಿಗೂ ಶರಣು. ಅರ್ಜೆಂಟಾಗಿ ಒಂದು ಪದ ಬೇಕು. ಹಿರೇಹಳ್ಳಕ್ಕೆ ಸೇರುವ ಒಂದು ಸಣ್ಣ ಹಳ್ಳದ ಮೇಲಿನ ಊರುಗಳು, ಕೆಳಗಿನ ಊರುಗಳು ಕೂತು ಒಂದು ಯೋಜನೆ ಮಾಡಿಕೊಂಡಿವೆ. ಮೇಲಿನವರು ಹೊಲಕ್ಕೆ ಬದು ಹಾಕಬೇಕು, ನಡುವಿನವರು ಚರಂಡಿ ನೀರನ್ನು ಹಳ್ಳಕ್ಕೆ ಬಿಡಬಾರದು, ಕೆಳಗಿನವರು ಕೆರೆ ಹೂಳು ತೆಗೆಯಬೇಕು, ಜಾಲಿ ಕೀಳಬೇಕು, ಹೀಗೆ. ಬರೆದವರು ಇಂಗ್ಲಿಷಿನಲ್ಲಿ ಬರೆದು ಕೂತಿದ್ದಾರೆ, ಕನ್ನಡ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಬೋರ್ಡಿಗೆ ನಾನು ‘ಸಹಭಾಗಿತ್ವದ ಜಲಾನಯನ ಪುನಶ್ಚೇತನ ಯೋಜನೆ’ ಎಂದು ಕೊಟ್ಟೆ. ಪೇಂಟರ್ ಓದಿ, ‘ಸರ್, ಇದು ಕಣ್ಣಿನ ಆಸ್ಪತ್ರೆಯದಾ?’ ಎಂದ.

ನನ್ನ ತಕರಾರು ಬೇರೆ. ಮಳೆಗಾಲದಲ್ಲಿ ಪೇಪರಿನಲ್ಲಿ ‘ಜಲಾನಯನ ಪ್ರದೇಶದಲ್ಲಿ ಭಾರಿ ಮಳೆ’ ಎಂದು ಬರುತ್ತದೆ ನೋಡಿ, ಅದು ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ಮಾತು. ಆ ಮಳೆ ತುಂಗಭದ್ರಾ ಡ್ಯಾಮಿಗೆ ಬಂದರೆ ನಮಗೆ ಖುಷಿ. ಹಾಗಾಗಿ ನಮ್ಮ ಜನಕ್ಕೆ ಜಲಾನಯನ ಎಂದರೆ ದೂರದ ಮಲೆನಾಡು, ತಮ್ಮ ಕಾಲಡಿಯ ಮಸಾರಿ ಹೊಲ ಅಲ್ಲ. ಬೋರ್ಡು ಹಾಕುತ್ತಿರುವುದು ಆ ಹೊಲದಲ್ಲೇ! ಬೇರೆ ಪದ ಇದ್ದರೆ ಕೊಡಿ.

ಸಿಂಧನೂರಿನಿಂದ:
ಬೇರೆ ಪದ ಬೇಕಿಲ್ಲ. ಜಲ + ಆನಯನ, ಸವರ್ಣದೀರ್ಘ. ಆನಯನ ಎಂದರೆ ತರುವುದು, ನೀರನ್ನು ತಂದುಕೊಡುವ ನೆಲ. ಕಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಸರ್ಕಾರದ ಇಲಾಖೆಯ ಹೆಸರಲ್ಲೇ ಇದೆ. ಪೇಂಟರಿಗೆ ಗೊತ್ತಿಲ್ಲ ಎಂದು ಪದ ಬದಲಿಸುತ್ತಾ ಹೋದರೆ ಕೊನೆಗೆ ಏನೂ ಉಳಿಯುವುದಿಲ್ಲ. ಚರ್ಚೆ ಮುಗಿಯಿತು.

ಬಳ್ಳಾರಿಯಿಂದ:
ಮುಗಿಯಿತು ಎನ್ನುವ ಅಧಿಕಾರ ನಿಮಗೆ ಯಾರು ಕೊಟ್ಟರು ಸರ್? ಸಂಬಂಧ ಇದೆ. ಆನಯನ, ನಯನ ಎರಡೂ ‘ನೀ’ ಧಾತುವಿನಿಂದಲೇ ಬಂದಿವೆ. ನಮ್ಮನ್ನು ದಾರಿಯಲ್ಲಿ ಕರೆದುಕೊಂಡು ಹೋಗುವುದು ಕಣ್ಣು, ಅದಕ್ಕೇ ಅದು ನಯನ. ಉಪನಯನದಲ್ಲೂ ಅದೇ. ಇನ್ನು ನಮ್ಮ ಜನ ಬಾವಿಯ ಸೆಲೆಗೆ ‘ಜಲದ ಕಣ್ಣು’ ಅಂತಾರಲ್ವಾ? ಪದ ಕಟ್ಟಿದವರ ಮನಸ್ಸಿನಲ್ಲಿ ಈ ಕಣ್ಣು ಇದ್ದೇ ಇತ್ತು ಎಂದು ನನ್ನ ವಾದ, ಇದನ್ನು ನಾನು ಇಲ್ಲಿ ಹಿಂದೆಯೂ ಬರೆದಿದ್ದೆ, ಯಾರೂ ಓದಲಿಲ್ಲ.

ಸಿಂಧನೂರಿನಿಂದ:
ಓದಿದ್ದೆ. ಬೊಗಳೆ.

ಲಿಂಗಸುಗೂರಿನಿಂದ:
ಸಂಸ್ಕೃತದ ಬಾಲ ಹಿಡಿದುಕೊಂಡು ನೀವಿಬ್ಬರೂ ಜಗ್ಗಾಡುತ್ತಿದ್ದೀರಿ, ಕೇಳಿದವರಿಗೆ ನಾಳೆ ಹಲಗೆ ಬರೆಸಬೇಕಿದೆ. ಕನ್ನಡದಲ್ಲೇ ಕಟ್ಟಬಹುದು: ನೀರ್ನೆಲ. ನೀರು ಕೂಡುವ ನೆಲ. ಸಹಭಾಗಿತ್ವ ಯಾಕೆ, ‘ಕೂಡಿ’ ಸಾಲದೇ? ಪುನಶ್ಚೇತನಕ್ಕೆ ‘ಮರುಜೀವ’. ಮುಗೀತು.

ಸಿಂಧನೂರಿನಿಂದ:
ಮರುಜೀವದಲ್ಲಿ ಜೀವ ಯಾವ ಊರಿನದು? ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ ಬೇರೆ.

ಲಿಂಗಸುಗೂರಿನಿಂದ:
ಸರಿ, ಮರುಹುಟ್ಟು. ಅರಿಸಮಾಸ ಎಂದು ಹೆದರಿಸಬೇಡಿ, ದಿನಾ ‘ನೀರಿನ ಗುಣಮಟ್ಟ’ ಎನ್ನುವಾಗ ನಿಮಗೆ ಗುಣಕ್ಕೆ ಮಟ್ಟ ಸೇರಿದ್ದು ಕಾಣುವುದಿಲ್ಲ.

ಗಂಗಾವತಿಯಿಂದ:
ನಾನು ಪಂಡಿತ ಅಲ್ಲ, ಕಾಲುವೆ ಕೆಲಸದಲ್ಲಿದ್ದು ನಿವೃತ್ತನಾದವನು. ನೀರ್ನೆಲ ನಡೆಯುವುದಿಲ್ಲ. ನಮ್ಮಲ್ಲಿ ಹಾಗೆಂದರೆ ಭತ್ತದ ಗದ್ದೆ ಅಂದುಕೊಳ್ಳುತ್ತಾರೆ, ತರಿ ಜಮೀನು. ನೀರು ತಗೊಳ್ಳುವ ನೆಲ ಬೇರೆ, ನೀರು ಕೊಡುವ ನೆಲ ಬೇರೆ. ಡ್ಯಾಮಿನ ಕೆಳಗೆ ಕಾಲುವೆ ನೀರು ಉಣ್ಣುವುದು ಅಚ್ಚುಕಟ್ಟು, ಬಳ್ಳಾರಿ ಕಡೆ ಆಯಕಟ್ಟು ಎಂದೂ ಅಂತಾರೆ. ಇವರು ಕೇಳುತ್ತಿರುವುದು ಮೇಲಿನ ನೆಲ.

ಇಂಗ್ಲಿಷ್ ಪದವೇ ಗೊಂದಲದ್ದು ಎಂಬುದನ್ನೂ ಗಮನಿಸಿ. ಬ್ರಿಟನ್ನಿನಲ್ಲಿ ವಾಟರ್‌ಶೆಡ್ ಎಂದರೆ ನೀರು ಆಚೆಗೊಂದು ಈಚೆಗೊಂದು ಒಡೆದು ಹೋಗುವ ದಿಣ್ಣೆಯ ಗೆರೆ, ಅಮೆರಿಕದಲ್ಲಿ ಆ ದಿಣ್ಣೆಗಳ ನಡುವಿನ ಇಡೀ ತಗ್ಗು. ನಾವು ಎರಡನೆಯದನ್ನು ತಗೊಂಡೆವು. ಮೊದಲನೆಯದಕ್ಕೆ ಜಲವಿಭಾಜಕ ಎಂದು ಪಾಠದ ಪುಸ್ತಕದಲ್ಲಿದೆ, ಅದನ್ನು ಮಾತ್ರ ಬೋರ್ಡಿಗೆ ಹಾಕಬೇಡಿ, ಜನ ಓಡಿಹೋಗುತ್ತಾರೆ.

ಪದ ಏನೇ ಇರಲಿ, ಮೇಲಿನ ನೆಲವನ್ನು ಯಾರೂ ತಮ್ಮದು ಅಂದುಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಡ್ಯಾಮೇ ಸಾಕ್ಷಿ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಈಗ ಲೆಕ್ಕ 105 ಚಿಲ್ಲರೆ. ಉಳಿದದ್ದು ಹೂಳು. ಆ ಹೂಳು ಆಕಾಶದಿಂದ ಬಿದ್ದದ್ದಲ್ಲ, ಯಾರದೋ ಹೊಲದ ಮೇಲ್ಮಣ್ಣು. ಈಗ ನವಲಿ ಹತ್ತಿರ ಇನ್ನೊಂದು ಜಲಾಶಯ ಬೇಕು ಎಂದು ಓಡಾಡುತ್ತಿದ್ದೇವೆ.

ರಾಯಚೂರಿನಿಂದ:
ತರಿ ಅಂದಿರಿ ನೋಡಿ, ಅದು ಪಾರಸಿ. ಮಳೆ ನಂಬಿದ ಹೊಲಕ್ಕೆ ಅನ್ನುವ ಖುಷ್ಕಿಯೂ ಅಷ್ಟೇ, ಜಮೀನೂ ಅಷ್ಟೇ. ನಿಜಾಮರ ಕಾಲದಿಂದ ನಮ್ಮ ಜಿಲ್ಲೆಯ ಕಾಗದಪತ್ರದ ತುಂಬಾ ಇವೇ ಇದ್ದವು, ಹೊಲ ಉಳುವವನ ಬಾಯಲ್ಲೂ ಇವೇ. ಯಾರಿಗೂ ಕನ್ನಡ ಕೆಡಲಿಲ್ಲ. ಲಿಂಗಸುಗೂರಿನ ಅಣ್ಣಾವ್ರು ನೀರ್ನೆಲ, ಮರುಹುಟ್ಟು ಎಂದು ಮನೆಯಲ್ಲಿ ಕೂತು ಕಟ್ಟುವ ಪದಕ್ಕಿಂತ ಇವು ಎಷ್ಟೋ ಕನ್ನಡ. ಸುಮ್ನೆ ‘ವಾಟರ್‌ಶೆಡ್’ ಎಂದೇ ಬರೆಯಿರಿ. ಚೆಕ್ ಡ್ಯಾಂ ಎನ್ನುವುದಿಲ್ಲವೇ?

ಲಿಂಗಸುಗೂರಿನಿಂದ:
ಪಾರಸಿ ಒಪ್ಪುತ್ತೀರಿ, ಇಂಗ್ಲಿಷ್ ಒಪ್ಪುತ್ತೀರಿ, ಸಂಸ್ಕೃತ ತಲೆ ಮೇಲೆ ಹೊರುತ್ತೀರಿ. ಕನ್ನಡದಲ್ಲಿ ಹೊಸದಾಗಿ ಕಟ್ಟಿದರೆ ಮಾತ್ರ ನಗು.

ರಾಯಚೂರಿನಿಂದ:
ನಗು ಬರುವಂತೆ ಕಟ್ಟಬೇಡಿ.

ಕುಷ್ಟಗಿಯಿಂದ:
ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮಿಗಳು, ನಮ್ಮ ಅಜ್ಜಾರು, ಮುಂದೆ ನಿಂತು ಹಿರೇಹಳ್ಳದ ಕೆಲಸ ಮಾಡಿಸಿದರಲ್ಲ, ಆಗ ನಮ್ಮ ಮನೆಯಲ್ಲಿ ಯಾರೂ ಪುನಶ್ಚೇತನ ಎನ್ನಲಿಲ್ಲ. ಪೇಪರಿನವರು ಅಂದರು. ನಮ್ಮ ಅವ್ವ ‘ಹಳ್ಳ ಹಸನ ಮಾಡಾಕತ್ತಾರ’ ಅಂದಳು. ಹೊಲ ಹಸನು ಮಾಡುವುದು ಎನ್ನುತ್ತೇವೆ, ಕಳೆ ಕಿತ್ತು, ಕಲ್ಲು ಆಯ್ದು, ಬಿತ್ತುವುದಕ್ಕೆ ತಯಾರು ಮಾಡುವುದು. ಕೆಟ್ಟದ್ದನ್ನು ಮತ್ತೆ ಬಾಳುವಂತೆ ಮಾಡುವುದಕ್ಕೆ ಇದಕ್ಕಿಂತ ಬೇರೆ ಮಾತು ಬೇಕಾ? ‘ಕೊಲ್ಯಾಬರೇಟಿವ್’ಗೆ ಮುಯ್ಯಾಳು ನೆನಪಾಯಿತು, ಆದರೆ ಅದು ಪೂರ್ತಿ ಹೊಂದುವುದಿಲ್ಲ. ಮುಯ್ಯಿ ಅಂದರೆ ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಇಲ್ಲಿ ಮೇಲಿನ ಊರಿನವರು ಬದು ಹಾಕಿದರೆ ಕೆಳಗಿನ ಊರಿನ ಬಾವಿಗೂ ನೀರು ಏರುತ್ತದೆ, ತಿರುಗಿ ಅವರು ಏನು ಕೊಡಬೇಕು ಎಂಬುದು ಬೋರ್ಡಿನಲ್ಲಿ ತೀರುವ ಲೆಕ್ಕ ಅಲ್ಲ.

ಸಿಂಧನೂರಿನಿಂದ:
ಹಸನು ಒಪ್ಪಬಹುದು. ಪ್ರಸನ್ನದ ತದ್ಭವ.

ರಾಯಚೂರಿನಿಂದ:
ಅಲ್ಲವೇ ಅಲ್ಲ. ಅರಬ್ಬಿಯ ಹಸನ್.

ಲಿಂಗಸುಗೂರಿನಿಂದ:
ಅಚ್ಚಗನ್ನಡದ ಪದ ಒಂದು ಸಿಕ್ಕಿತು ಅಂದುಕೊಳ್ಳುವಷ್ಟರಲ್ಲಿ ಇಬ್ಬರೂ ಎರಡು ಕಡೆಯಿಂದ ಎಳೆದರು. ನಾನು ಬರುತ್ತೇನೆ.

ಬಳ್ಳಾರಿಯಿಂದ:
ನನ್ನ ಕಣ್ಣಿನ ವಾದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ‘ಬೊಗಳೆ’ ಉತ್ತರ ಅಲ್ಲ.

ಕೊಪ್ಪಳದಿಂದ:
ಎಲ್ಲರಿಗೂ ಧನ್ಯವಾದ, ಜಗಳ ಆಡಿದವರಿಗೂ. ಗಂಗಾವತಿ ಸರ್ ಹೇಳಿದ್ದು ಕೇಳಿದ ಮೇಲೆ ನಾಮಪದ ಹುಡುಕುವುದನ್ನೇ ಬಿಟ್ಟೆ. ದಿಣ್ಣೆಯ ಮೇಲೆ ನಿಲ್ಲುವ ಬೋರ್ಡಿಗೆ ಒಂದು ಸಾಲು: ‘ಇಲ್ಲಿ ಬಿದ್ದ ಮಳೆ ಹಿರೇಹಳ್ಳಕ್ಕೆ ಹೋಗುತ್ತದೆ’. ಅದರ ಕೆಳಗೆ: ‘ಎಲ್ಲಾ ಊರು ಕೂಡಿ ಹಳ್ಳ ಹಸನು ಮಾಡೋಣ’. ಊರಿನ ಒಬ್ಬ ಹಿರಿಯರು ಓದಿ, ‘ಹೌದೇನು? ನನ್ನ ಹೊಲದ್ದೂ ಅಲ್ಲಿಗೇ ಹೋಗುತ್ತಾ?’ ಎಂದು ಕೇಳಿದರು. ಜಲಾನಯನ ಅಂದಾಗ ಯಾರೂ ಏನೂ ಕೇಳಿರಲಿಲ್ಲ.

ಆದರೆ ದುಡ್ಡು ಕೊಡುವವರು ಯೋಜನೆಯ ಹೆಸರು ಇರಲೇಬೇಕು ಎಂದರು. ಹಾಗಾಗಿ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅದೂ ಬಂದಿದೆ. ಈಗಷ್ಟೇ ಪೇಂಟರ್ ಫೋಟೋ ಕಳಿಸಿದ. ‘ಜಲನಯನ’ ಎಂದು ಬರೆದಿದ್ದಾನೆ.

ಸಿಂಧನೂರಿನಿಂದ:
ಲಕಾರಕ್ಕೆ ದೀರ್ಘ ಹಾಕಿಸಿ. ಇವತ್ತೇ.

ಬಳ್ಳಾರಿಯಿಂದ:
ಹಾಕಿಸಬೇಡಿ ಸರ್. ಹಾಗೇ ಇರಲಿ.