ಪದಚರ್ಚೆ: ಫಿಡಲ್, ರೀಲ್, ಸ್ಲೋ ಏರ್ – ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಐರ್ಲೆಂಡ್, ಸ್ಕಾಟ್‌ಲೆಂಡ್ ಕಡೆಯ ಫಿಡಲ್ ಸಂಗೀತದ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಹಳೆಯ ಚರಿತ್ರೆ ಸ್ವಲ್ಪ, ಈಗ ನುಡಿಸುತ್ತಿರುವವರ ಮಾತು ಜಾಸ್ತಿ: ಐರ್ಲೆಂಡಿನ ಮಾರ್ಟಿನ್ ಹೇಯ್ಸ್, ಸ್ಕಾಟ್‌ಲೆಂಡಿನ ಅಲಸ್ಡೇರ್ ಫ್ರೇಸರ್, ಕೆನಡಾದ ಕೇಪ್ ಬ್ರೆಟನ್ ದ್ವೀಪದ ನಟಾಲಿ ಮ್ಯಾಕ್‌ಮಾಸ್ಟರ್. ಓದುವವರು ಕರ್ನಾಟಕ ಸಂಗೀತವನ್ನೋ ಹಿಂದೂಸ್ತಾನಿಯನ್ನೋ ಅಷ್ಟಿಷ್ಟು ಕೇಳಿದವರು. ಇಂಗ್ಲಿಷ್ ಪದಗಳನ್ನು ಹಾಗೇ ಇಟ್ಟುಬಿಡು ಅಂತ ಕೆಲವರು ಹೇಳಿದರು. ಆದರೆ ಇಲ್ಲಿ ಒಂದು ತಮಾಷೆಯ ತೊಡಕು ಇದೆ. ಈ ಪದಗಳಲ್ಲಿ ಹಲವು ಈಗಾಗಲೇ ಕನ್ನಡಕ್ಕೆ ಬಂದು ಬೇರೆ ಕೆಲಸ ಹಿಡಿದು ಕೂತಿವೆ.

ರೀಲ್ ಅನ್ನೇ ತೆಗೆದುಕೊಳ್ಳಿ. ಐರ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ನುಡಿಸುವುದು ರೀಲ್. ನಾನು ‘ಹೇಯ್ಸ್ ಒಂದಾದ ಮೇಲೊಂದು ರೀಲ್ ನುಡಿಸುತ್ತಾರೆ’ ಅಂತ ಬರೆದರೆ ಓದುವವರಿಗೆ ಮೊದಲು ನೆನಪಾಗುವುದು ಫೋನಿನಲ್ಲಿ ನೋಡುವ ರೀಲ್ಸ್. ‘ಒಂದಾದ ಮೇಲೊಂದು ರೀಲ್ ಬಿಡುತ್ತಾರೆ’ ಅಂದರಂತೂ ಮುಗಿಯಿತು! ಅದಕ್ಕೇ ನಾನು ‘ರೀಲ್ ಕುಣಿತದ ಮಟ್ಟು’ ಎಂದು ಬಳಸುತ್ತಿದ್ದೇನೆ. ಟ್ಯೂನ್‌ಗೆ ಮಟ್ಟು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಯಕ್ಷಗಾನದವರೂ ಜನಪದ ಹಾಡಿನವರೂ ದಿನಾ ಬಳಸುವ ಪದ. ಧಾಟಿ ಅಂದರೆ ಹಾಡುವ ರೀತಿಯೂ ಸೇರಿಬಿಡುತ್ತದೆ. ಒಂದು ಗಟ್ಟಿ ರೂಪ ಇರುವ, ಹೆಸರಿಟ್ಟು ಕರೆಯಬಹುದಾದ ವಸ್ತು ಮಟ್ಟು.

ರೀಲ್‌ಗೂ ಜಿಗ್ ಎಂಬ ಇನ್ನೊಂದು ಬಗೆಯ ಕುಣಿತದ ಮಟ್ಟಿಗೂ ವ್ಯತ್ಯಾಸ ಹೇಳಲು ತಾಳದ ಹೆಸರುಗಳನ್ನು ಎಳೆದು ತಂದೆ. ಸರಿಹೋಗಲಿಲ್ಲ. ನಮ್ಮ ಮಾತ್ರಾಗಣ ಎಷ್ಟೋ ವಾಸಿ ಅನ್ನಿಸಿತು. ಜಿಗ್‌ನಲ್ಲಿ ಮೂರು ಮಾತ್ರೆಯ ಗಣ ಎರಡು ಸೇರಿ ಒಂದು ಘಟಕ. ಭೋಗ ಷಟ್ಪದಿಯ ಓಟ. ರೀಲ್‌ನಲ್ಲಿ ನಾಲ್ಕು ಮಾತ್ರೆಯ ಗಣ ಎರಡು, ಅಂದರೆ ಶರ ಷಟ್ಪದಿಯ ನಡೆ. ಸ್ಲಿಪ್ ಜಿಗ್ ಅಂತ ಇನ್ನೊಂದಿದೆ, ಅದರಲ್ಲಿ ಮೂರು ಮಾತ್ರೆಯ ಗಣ ಮೂರು. ಹೀಗೆ ಎಂಟು ಘಟಕ ಸೇರಿ ಮಟ್ಟಿನ ಒಂದು ಭಾಗ. ಮೊದಲ ಭಾಗ ಎರಡು ಸಲ, ಎರಡನೆಯದು ಎರಡು ಸಲ. ಒಟ್ಟು 32 ಘಟಕಕ್ಕೆ ಮಟ್ಟು ಒಂದು ಸುತ್ತು ಬರುತ್ತದೆ. ಛಂದಸ್ಸನ್ನು ಈ ಕೆಲಸಕ್ಕೆ ಬಳಸುವುದು ಅತಿಯಾಯಿತು ಎನ್ನುವವರಿದ್ದರೆ ಈಗಲೇ ಹೇಳಿಬಿಡಿ.

ಇನ್ನು ವಾದ್ಯದ ಹೆಸರು. ಫಿಡಲ್, ವಯೊಲಿನ್ ಎರಡೂ ಒಂದೇ ವಾದ್ಯ. ಮರ, ತಂತಿ, ಕಮಾನು ಎಲ್ಲ ಒಂದೇ. ಶ್ರುತಿಯೂ ಒಂದೇ: ಜಿ, ಡಿ, ಎ, ಇ. ಕುಣಿತದ ಮಟ್ಟು ನುಡಿಸುವವರ ಕೈಗೆ ಬಂದರೆ ಅದು ಫಿಡಲ್. ಕನ್ನಡದಲ್ಲೂ ನಮಗೆ ಎರಡು ಪದ ಉಂಟು, ಪಿಟೀಲು ಮತ್ತು ವಯೊಲಿನ್. ಫಿಡಲ್‌ನಿಂದಲೇ ಪಿಟೀಲು ಬಂದದ್ದಾದ್ದರಿಂದ ಫಿಡಲ್‌ಗೆ ಪಿಟೀಲು ಅಂದುಬಿಡೋಣ ಅನ್ನುವ ಆಸೆ ಸಹಜ. ಆದರೆ ನಮ್ಮಲ್ಲಿ ಪಿಟೀಲು ಅಂದರೆ ಜನಪದ ಅಂತ ಅರ್ಥವಿಲ್ಲ. ಪಿಟೀಲು ಅಂದರೆ ಟಿ. ಚೌಡಯ್ಯನವರು (1895–1967), ಏಳು ತಂತಿ, ಕಚೇರಿ. ಈಗಿನ ಕಚೇರಿ ಕರಪತ್ರಗಳಲ್ಲಿ ಹೆಚ್ಚಾಗಿ ವಯೊಲಿನ್ ಅಂತ ಅಚ್ಚಾಗುತ್ತದೆ. ಹಾಗಾಗಿ ಎರಡು ಪದಗಳ ನಡುವಿನ ಅಂತರ ನಮ್ಮಲ್ಲಿ ಕಾಲದ್ದು, ಅವರಲ್ಲಿ ಸಂಗೀತದ್ದು. ಜೊತೆಗೆ ‘ಪಿಟೀಲು ಕುಯ್ಯೋದು’ ಅನ್ನುವ ಮಾತು ಬೇರೆ ಇದೆ. ರೋಮ್ ಹತ್ತಿ ಉರಿಯುವಾಗ ನೀರೋ ಪಿಟೀಲು ಬಾರಿಸುತ್ತಿದ್ದ ಅಂತ ನಮ್ಮ ಪತ್ರಿಕೆಗಳು ಇಂದಿಗೂ ಬರೆಯುತ್ತವೆ. ನೀರೋ ಸತ್ತು ಸಾವಿರದ ನಾನೂರು ವರ್ಷ ಕಳೆದ ಮೇಲೆ ಹುಟ್ಟಿದ ವಾದ್ಯ ಅದು. ಇರಲಿ.

ಇಷ್ಟೆಲ್ಲ ಇದ್ದರೂ ನನ್ನ ಒಲವು ಪಿಟೀಲಿನ ಕಡೆಗೇ. ಬಾಯಿಗೆ ಹಗುರ, ಸ್ವಲ್ಪ ಮನೆಯ ಸಲಿಗೆ ಇದೆ. ಮೊದಲ ಸಲ ‘ಫಿಡಲ್, ಅಂದರೆ ಪಿಟೀಲು’ ಎಂದು ಬರೆದು ಆಮೇಲೆ ಬರೀ ಪಿಟೀಲು ಅನ್ನಬಹುದಲ್ವಾ?

ಐರ್ಲೆಂಡ್, ಸ್ಕಾಟ್‌ಲೆಂಡ್ ಕಡೆಯ ಮಟ್ಟುಗಳಿಗೂ ದಕ್ಷಿಣ ಭಾರತಕ್ಕೂ ಹಳೆಯ ನಂಟಿದೆ. ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡಿನವರು ನುಡಿಸುತ್ತಿದ್ದ ಮಟ್ಟುಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯ ಕೂರಿಸಿದರು. ಅವೇ ನೊಟ್ಟುಸ್ವರಗಳು. ಅವುಗಳಲ್ಲಿ ಆ ನಾಡುಗಳ ಕುಣಿತದ ಮಟ್ಟುಗಳೂ ಇವೆ. ನಮ್ಮ ಸಂಗೀತಕ್ಕೆ ಪಿಟೀಲನ್ನು ಒಗ್ಗಿಸಿದ ಬಾಲುಸ್ವಾಮಿ ದೀಕ್ಷಿತರು ಇವರ ತಮ್ಮ. ನೊಟ್ಟುಸ್ವರದ ‘ನೊಟ್ಟು’ ಅಂದರೆ ನೋಟ್. ಗಮಕವಿಲ್ಲದೆ ನೇರ ಸ್ವರದಲ್ಲಿ ಹಾಡುವುದು ಅದರ ಲಕ್ಷಣ.

ಗಮಕ ಅಂದಾಗ ಮುಂದಿನ ಕಗ್ಗಂಟು ನೆನಪಾಯಿತು. ಐರಿಷ್ ಪಿಟೀಲಿನಲ್ಲಿ ಕಟ್, ರೋಲ್, ಟ್ರೆಬಲ್ ಅಂತ ಕೆಲವು ಪಟ್ಟುಗಳಿವೆ. ಒಂದೇ ಸ್ವರ ಎರಡು ಸಲ ಬಂದಾಗ ನಡುವೆ ಮೇಲಿನ ಸ್ವರವನ್ನು ಬೆರಳಿನಿಂದ ಚಿಟಿಕೆಯಷ್ಟು ಹೊತ್ತು ಮುಟ್ಟಿದರೆ ಕಟ್. ಮೂಲ ಸ್ವರ, ಮೇಲಿನದು, ಮತ್ತೆ ಮೂಲ, ಕೆಳಗಿನದು, ಮತ್ತೆ ಮೂಲ – ಇದನ್ನು ಒಂದೇ ಉಸಿರಿನಲ್ಲಿ ನುಡಿಸಿದರೆ ರೋಲ್. ಟ್ರೆಬಲ್ ಕಮಾನಿನ ಕೆಲಸ: ಒಂದೇ ಸ್ವರವನ್ನು ಮೂರು ಚುಟುಕು ಎಳೆತದಲ್ಲಿ ಒಡೆಯುವುದು. ಸ್ಕಾಟ್‌ಲೆಂಡಿನವರು ಅದನ್ನು ಬರ್ಲ್ ಅನ್ನುತ್ತಾರೆ.

ಇವನ್ನೆಲ್ಲ ಒಟ್ಟಾಗಿ ಗಮಕ ಅನ್ನಲು ನನಗೆ ಮನಸ್ಸಿಲ್ಲ. ತೋಡಿಯಿಂದ ಗಮಕ ತೆಗೆದರೆ ತೋಡಿಯೇ ಉಳಿಯುವುದಿಲ್ಲ. ರೀಲ್‌ನಿಂದ ರೋಲ್ ತೆಗೆದರೆ ಮಟ್ಟು ಹಾಗೇ ಇರುತ್ತದೆ, ಸ್ವಲ್ಪ ಸಪ್ಪೆ ಆಗಬಹುದು ಅಷ್ಟೆ. ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು ಅನ್ನುವುದು ನುಡಿಸುವವರ ಇಷ್ಟ. ಇನ್ನೊಂದು ವಿಷಯ, ಅವು ಲಯದ ಕೆಲಸವನ್ನೇ ಹೆಚ್ಚು ಮಾಡುತ್ತವೆ. ಸ್ವರವನ್ನು ತೂಗುವುದಕ್ಕಿಂತ ಕತ್ತರಿಸುವುದು ಅವುಗಳ ಗುಣ. ಜಂಟಿ ವರಸೆ ಕಲಿತವರಿಗೆ ಸ್ಫುರಿತ ನೆನಪಾದೀತು. ಆದರೆ ಸ್ಫುರಿತದಲ್ಲಿ ತಗಲುವುದು ಕೆಳಗಿನ ಸ್ವರ, ಕಟ್‌ನಲ್ಲಿ ಮೇಲಿನದು. ಅಲಂಕಾರ ಅನ್ನೋಣ ಅಂದರೆ ಅದು ಸಪ್ತತಾಳ ಅಲಂಕಾರಕ್ಕೆ ಮೀಸಲಾಗಿದೆ. ಸದ್ಯಕ್ಕೆ ‘ಕುಸುರಿ’ ಅಂತ ಇಟ್ಟುಕೊಂಡಿದ್ದೇನೆ. ಐರ್ಲೆಂಡಿನ ಡೊನೆಗಾಲ್ ಕಡೆಯವರು ಚುಟುಕಾದ ಬಿಡಿ ಎಳೆತದಲ್ಲಿ ನುಡಿಸುತ್ತಾರೆ, ಅವರದು ಕಮಾನಿನ ಕುಸುರಿ. ಐರಿಷ್ ಪಿಟೀಲುಗಾರ ಮೈಕಲ್ ಕೋಲ್ಮನ್ (1891–1945) 1920ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಮಾಡಿದ ರೆಕಾರ್ಡುಗಳಿಂದ ಹಬ್ಬಿದ ಸ್ಲೈಗೊ ಶೈಲಿಯಲ್ಲಿ ಬೆರಳಿನ ಕುಸುರಿ ತುಂಬಿದೆ. ಹೀಗೆ ಬರೆದರೆ ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ.

ಸೆಷನ್‌ಗೆ ‘ಕೂಟ’ ಸಾಕು ಅನ್ನಿಸುತ್ತದೆ. ಪಬ್‌ನಲ್ಲಿ ಮೇಜಿನ ಸುತ್ತ ಕೂತು ಒಬ್ಬರಿಗೊಬ್ಬರು ಮುಖ ಕೊಟ್ಟು ನುಡಿಸುತ್ತಾರೆ. ಮಟ್ಟು ಗೊತ್ತಿದ್ದವರು ಸೇರಿಕೊಳ್ಳುತ್ತಾರೆ, ಪಕ್ಕದಲ್ಲಿ ಹರಟೆ ನಡೆದೇ ಇರುತ್ತದೆ. ಕಚೇರಿ ಅಂದರೆ ವೇದಿಕೆ ಬರುತ್ತದೆ, ಬೈಠಕ್ ಅಂದರೆ ನಡುವೆ ಒಬ್ಬ ಮುಖ್ಯ ಕಲಾವಿದ ಬಂದು ಕೂರುತ್ತಾನೆ. ಸೆಷನ್ ಅಂತಲೇ ಬಿಟ್ಟರೆ ಕೋರ್ಟು ನೆನಪಾಗುತ್ತದೆ.

ಕೂಟದಲ್ಲಿ ಮಟ್ಟಿನ ಹೆಸರು ಕೇಳಿದರೆ ಎಷ್ಟೋ ಸಲ ಉತ್ತರ ಸಿಗುವುದಿಲ್ಲ. ಪೂರ್ವ ಗಾಲ್ವೇಯ ಪ್ಯಾಡಿ ಫಾಹಿ ತಾವು ಕಟ್ಟಿದ ಮಟ್ಟುಗಳಿಗೆ ಹೆಸರೇ ಇಡಲಿಲ್ಲ. ರೀಲ್ ಆಗಲಿ ಜಿಗ್ ಆಗಲಿ, ಎಲ್ಲವನ್ನೂ ಜನ ‘ಪ್ಯಾಡಿ ಫಾಹಿಯದು’ ಅಂತಲೇ ಕರೆಯುತ್ತಾರೆ. ಅಂಕಿತ ಇದೆ, ಕೃತಿಗೆ ಹೆಸರಿಲ್ಲ!

ಈಗ ನಿಜವಾದ ಪ್ರಶ್ನೆಗೆ ಬರುತ್ತೇನೆ. ಸ್ಲೋ ಏರ್. ಕನ್ನಡದಲ್ಲಿ ಹೀಗೇ ಬರೆದರೆ ಟ್ಯೂಬಿನಿಂದ ನಿಧಾನಕ್ಕೆ ಗಾಳಿ ಹೋದ ಹಾಗೆ ಕೇಳುತ್ತದೆ. ಐರ್ಲೆಂಡಿನಲ್ಲಿ ಷಾನ್ ನೋಸ್ ಎಂಬ ಗಾಯನ ಇದೆ. ‘ಹಳೆಯ ರೀತಿ’ ಎಂದು ಅರ್ಥ. ವಾದ್ಯದ ಜೊತೆಯಿಲ್ಲದೆ ಒಬ್ಬರೇ ಐರಿಷ್ ಭಾಷೆಯಲ್ಲಿ ಹಾಡುವುದು. ಆ ಹಾಡಿನ ಮಟ್ಟನ್ನು ಪಿಟೀಲಿನಲ್ಲಿ, ತಾಳದ ಕಟ್ಟಿಲ್ಲದೆ, ಮಾತಿನ ಏರಿಳಿತ ಹಿಡಿದು ನುಡಿಸಿದರೆ ಅದು ಸ್ಲೋ ಏರ್. ಹಾಡಿನ ಮಾತು ಗೊತ್ತಿಲ್ಲದೆ ಅದನ್ನು ನುಡಿಸಬಾರದು ಎನ್ನುವ ಹಿರಿಯರಿದ್ದಾರೆ.

ಆಲಾಪ ಅನ್ನುವಂತಿಲ್ಲ. ಆಲಾಪದಲ್ಲಿ ಮಾತಿಲ್ಲ, ಮೊದಲೇ ಗೊತ್ತಾದ ಮಟ್ಟೂ ಇಲ್ಲ. ನನಗೆ ತಟ್ಟನೆ ಹೊಳೆದದ್ದು ಉಗಾಭೋಗ. ತಾಳವಿಲ್ಲ, ಮಾತು ಮುಂದೆ ನಡೆಯುತ್ತದೆ, ಸ್ವರ ಹಿಂಬಾಲಿಸುತ್ತದೆ. ಆದರೆ ಉಗಾಭೋಗವನ್ನು ಹಾಡುವವರು ತಮಗೆ ಬೇಕಾದ ರಾಗದಲ್ಲಿ ಹಾಡಬಹುದು, ಸ್ಲೋ ಏರ್‌ನ ಮಟ್ಟು ಗೊತ್ತಾದದ್ದು. ಭಕ್ತಿಯ ನೆರಳು ಬೇರೆ ಬಿದ್ದುಬಿಡುತ್ತದೆ. ಈ ಹಾಡುಗಳಲ್ಲಿ ಪ್ರೇಮ, ಸಾವು, ಊರು ಬಿಟ್ಟವರ ಸಂಕಟ ಹೆಚ್ಚು. ಹಾಗಾಗಿ ‘ಉಗಾಭೋಗದ ಹಾಗೆ’ ಎಂದು ಒಂದು ಕಡೆ ವಿವರಿಸಬಹುದೇ ಹೊರತು ಹೆಸರಾಗಿ ಇಡಲಾರೆ.

ಕೊನೆಗೆ ‘ಹಾಡುಮಟ್ಟು’ ಅಂತ ಒಂದು ಜೋಡುಪದ ಮಾಡಿಕೊಂಡೆ. ಒಂದು ಕಡೆ ಕುಣಿತದ ಮಟ್ಟು, ಇನ್ನೊಂದು ಕಡೆ ಹಾಡುಮಟ್ಟು. ಐರ್ಲೆಂಡಿಗೆ ಚೆನ್ನಾಗಿ ಹೊಂದಿತು. 2011ರಲ್ಲಿ ಹೇಯ್ಸ್ ಮತ್ತು ಗೆಳೆಯರು ಕಟ್ಟಿದ ‘ದ ಗ್ಲೋಮಿಂಗ್’ ತಂಡದಲ್ಲಿ ಹಾಡಿದವರು ಷಾನ್ ನೋಸ್ ಗಾಯಕ ಇಯರ್ಲಾ ಓ ಲಿನಾರ್ಡ್. ಅವರ ಹಾಡಿನ ಬೆನ್ನಿಗೆ ಪಿಟೀಲು, ಪಿಯಾನೊ ನಿಂತು ಮೆಲ್ಲಗೆ ರೀಲ್‌ಗೆ ದಾಟುತ್ತವೆ. ಆ ದಾಟುವಿಕೆಯನ್ನು ‘ಹಾಡುಮಟ್ಟಿನಿಂದ ಕುಣಿತದ ಮಟ್ಟಿಗೆ’ ಅಂತ ಒಂದೇ ಸಾಲಿನಲ್ಲಿ ಬರೆಯಲು ಆಯಿತು. (ಗ್ಲೋಮಿಂಗ್ ಅಂದರೆ ಮುಚ್ಚಂಜೆ. ತಂಡದ ಹೆಸರನ್ನು ಅನುವಾದಿಸಬಾರದು ಅಂತ ಗೊತ್ತು, ಆದರೂ ಆಸೆ ಆಗುತ್ತದೆ.)

ಸ್ಕಾಟ್‌ಲೆಂಡಿಗೆ ಹೋದರೆ ಈ ಪದ ಕುಂಟುತ್ತದೆ. ಅಲ್ಲಿನ ಪಿಟೀಲುಗಾರ ನೀಲ್ ಗೌ (1727–1807) ತಮ್ಮ ಎರಡನೆಯ ಹೆಂಡತಿ ತೀರಿಕೊಂಡಾಗ ಕಟ್ಟಿದ ಶೋಕದ ಮಟ್ಟನ್ನು ಇಂದಿಗೂ ಎಲ್ಲರೂ ನುಡಿಸುತ್ತಾರೆ. ಅದೂ ಸ್ಲೋ ಏರ್. ಆದರೆ ಅದು ಪಿಟೀಲಿಗೆಂದೇ ಹುಟ್ಟಿದ್ದು, ಹಿಂದೆ ಯಾವ ಹಾಡೂ ಇಲ್ಲ. ಮೂರು ಮಾತ್ರೆಯ ಗಣದಲ್ಲಿ ಸಣ್ಣಗೆ ನಡೆಯುವ ಲಯವೂ ಇದೆ. ಇದಕ್ಕೆ ಹಾಡುಮಟ್ಟು ಅನ್ನಬಹುದೇ? ಚೌಕ ಕಾಲ, ವಿಳಂಬ ಮಟ್ಟು ಎಂದೆಲ್ಲ ಬರೆದು ನೋಡಿದೆ. ವೇಗ ಮಾತ್ರ ಹೇಳುತ್ತವೆ, ಬೇರೇನೂ ಹೇಳುವುದಿಲ್ಲ. ನಿಧಾನವಾಗಿ ನುಡಿಸಿದ ಜಿಗ್ ಸ್ಲೋ ಏರ್ ಆಗುವುದಿಲ್ಲವಲ್ಲ.

ಕೊನೆಯದಾಗಿ ಬರವಣಿಗೆಯ ಒಂದು ಸಣ್ಣ ವಿಷಯ. ಐರ್ಲೆಂಡ್, ಸ್ಕಾಟ್‌ಲೆಂಡ್ ಕಡೆಯ ಸಂಗೀತಕ್ಕೂ ಭಾಷೆಗೂ ಒಟ್ಟಾಗಿ ಹೇಳುವ Celtic ಪದವನ್ನು ‘ಕೆಲ್ಟಿಕ್’ ಎಂದೇ ಬರೆಯುತ್ತಿದ್ದೇನೆ. ಗ್ಲಾಸ್ಗೊ ಫುಟ್‌ಬಾಲ್ ತಂಡ, ಬಾಸ್ಟನ್ ಬ್ಯಾಸ್ಕೆಟ್‌ಬಾಲ್ ತಂಡಗಳಷ್ಟೇ ‘ಸೆಲ್ಟಿಕ್’. ನುಡಿಸುವವರು ತಮ್ಮದನ್ನು ಐರಿಷ್ ಅಥವಾ ಸ್ಕಾಟಿಷ್ ಸಂಗೀತ ಅನ್ನುವುದೇ ಹೆಚ್ಚು. ಐರಿಷ್ ಹೆಸರುಗಳನ್ನು ಉಚ್ಚಾರದಂತೆ ಬರೆಯುತ್ತೇನೆ, ಸ್ಪೆಲಿಂಗ್ ನೋಡಿ ಬರೆದರೆ ಯಾರ ಹೆಸರೂ ಗುರುತು ಸಿಗುವುದಿಲ್ಲ.

ಹಾಡುಮಟ್ಟು ಸಾಲದು ಅನ್ನುವವರು ಬೇರೆ ಪದ ಸೂಚಿಸಿ. ಯಕ್ಷಗಾನದಲ್ಲೋ ರಂಗಗೀತೆಗಳಲ್ಲೋ ಲಾವಣಿಯಲ್ಲೋ, ತಾಳ ಸಡಿಲಿಸಿ ಮಟ್ಟನ್ನು ಎಳೆದು ಹಾಡುವುದಕ್ಕೆ ಹಾಡುವವರೇ ಬಳಸುವ ಪದ ಇದ್ದರೆ ಅದು ಎಲ್ಲಕ್ಕಿಂತ ಒಳ್ಳೆಯದು. ಎಲ್ಲಿಯ ಬಳಕೆ ಅಂತಲೂ ಒಂದು ಸಾಲು ಸೇರಿಸಿ ದಯವಿಟ್ಟು.