ಪದಚರ್ಚೆ: 'ಶಂಕಿತ ಹೃದಯಾಘಾತ', ಬೇರೆ ಮಾತಿದೆಯಾ?

ಹಾಸನದಿಂದ:
ನಾಳೆ ಬೆಳಗ್ಗೆ ಪ್ರೆಸ್‌ಗೆ ಕೊಡಬೇಕು, ಸ್ವಲ್ಪ ಬೇಗ ಹೇಳಿ. ಆಸ್ಪತ್ರೆ ಗೋಡೆಯ ಫಲಕ. 1988ರಲ್ಲಿ ಫಲಿತಾಂಶ ಬಂದ ಐಸಿಸ್-2, ಅಂದರೆ ಹೃದಯಾಘಾತದ ಔಷಧಗಳನ್ನು ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದ ಅಧ್ಯಯನದ ಪರಿಚಯವೂ ಇದೆ. 417 ಆಸ್ಪತ್ರೆ, 17,187 ರೋಗಿಗಳು. ಕಾಯಿಲೆ ಖಚಿತವಾಗಲಿ ಅಂತ ಕಾಯದೆ, ನೋವು ಶುರುವಾದ 24 ಗಂಟೆಯೊಳಗೆ ಬಂದವರನ್ನು ಸೇರಿಸಿಕೊಂಡರು. ಕೆಲವರಿಗೆ ಆಸ್ಪಿರಿನ್, ಕೆಲವರಿಗೆ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್, ಕೆಲವರಿಗೆ ಎರಡೂ, ಉಳಿದವರಿಗೆ ಎರಡೂ ಇಲ್ಲ. ಕರಡಿನಲ್ಲಿ 'ಶಂಕಿತ ಹೃದಯಾಘಾತ', 'ಹುಸಿ ಔಷಧ' (ನೋಡೋಕೆ ಔಷಧದ ಹಾಗೇ ಇದ್ದು ಒಳಗೆ ಔಷಧ ಇಲ್ಲದ್ದು) ಎಂದಿದೆ. ಶಂಕಿತ ಅಂದರೆ ಪೊಲೀಸ್ ಸುದ್ದಿ ಓದಿದ ಹಾಗಾಗುತ್ತೆ, ಅಲ್ವಾ?

ಚಿಕ್ಕಮಗಳೂರಿನಿಂದ:
ಶಂಕಿತ, ಹೃದಯಾಘಾತ, ಔಷಧ: ಮೂರೂ ಸಂಸ್ಕೃತ, ಮೂರೂ ಬೇಡ. ಹಳಗನ್ನಡದ 'ಮರ್ದು' ಇವತ್ತಿನ 'ಮದ್ದು'. ತಮಿಳಿನಲ್ಲಿ ಮರುಂದು. 'ಇರ್ದು' ಇದ್ದು ಆದ ದಾರಿಯೇ ಇದು. ಎದೆಯೂ ಹಿಂದೆ 'ಎರ್ದೆ'. ಇಷ್ಟು ಹಳೆಯ ಆಸ್ತಿ ಮನೆಯಲ್ಲೇ ಇರುವಾಗ ಸಾಲ ಯಾಕೆ? 'ಗುಮಾನಿಯ ಎದೆಪೆಟ್ಟು', 'ಹುಸಿಮದ್ದು'. ಮುಗಿಯಿತು.

ಬೇಲೂರಿನಿಂದ:
ಮುಗಿಯಲಿಲ್ಲ ಸಾರ್. ಗುಮಾನಿ ಪಾರಸಿಯಿಂದ ಬಂದದ್ದು. ಎದೆಪೆಟ್ಟು ಅಂದರೆ ಬೈಕಿಂದ ಬಿದ್ದಿದ್ದಾನೆ ಅಂದುಕೊಳ್ಳುತ್ತಾರೆ. ಇನ್ನು ಮದ್ದು! ನಮ್ಮ ಹಳ್ಳಿಗಳಲ್ಲಿ 'ಮದ್ದು ಹಾಕಿದ್ದಾರೆ' ಅಂದರೆ ಊಟದಲ್ಲಿ ಏನೋ ಬೆರೆಸಿದ್ದಾರೆ ಅಂತ. ಅದನ್ನು ತೆಗೆಸೋಕೆ ಬೇರೆ ಊರಿಗೆ ಹೋಗ್ತಾರೆ. ಆಸ್ಪತ್ರೆ ಗೋಡೆ ಮೇಲೆ 'ಹುಸಿಮದ್ದು ಕೊಟ್ಟರು' ಅಂತ ಬರೆದರೆ ಒಳಗೆ ಯಾರು ಬರ್ತಾರೆ? 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಟೀವಿ ತುಂಬಾ ಬಂದಾಗ ಜನ ಹೇಳಿದ್ದು 'ಹಾರ್ಟ್ ಅಟ್ಯಾಕ್' ಅಂತಲೇ. ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ ಕುಡಿದು ಮಲಗುವವರು ಓದಬೇಕಾದ ಫಲಕ ಇದು. 'ಹಾರ್ಟ್ ಅಟ್ಯಾಕ್ ಇರಬಹುದು ಎಂಬ ಅನುಮಾನ ಇದ್ದವರಿಗೆ' ಅಂತ ಬಿಡಿಸಿ ಬರೆಯಿರಿ. ಇನ್ನೊಂದಕ್ಕೆ 'ಔಷಧವಿಲ್ಲದ ಮಾತ್ರೆ' ಸಾಕು.

ಚಿಕ್ಕಮಗಳೂರಿನಿಂದ:
ಬೆರಕೆ ಕನ್ನಡಕ್ಕೆ ಇಷ್ಟು ವಾದ. ನಾಳೆ ಎದೆಗೂ ಚೆಸ್ಟ್ ಅನ್ನಿ.

ಬೇಲೂರಿನಿಂದ:
ಕಾಫಿಗೆ ನಿಮ್ಮ ಊರಲ್ಲಿ ಏನಂತಾರೆ ಸಾರ್?

ಹಾಸನದಿಂದ:
ಬಿಡಿಸಿ ಬರೆದೆ. ಒಂದು ಸಾಲು ಉದ್ದವಾಯಿತು, ಪರವಾಗಿಲ್ಲ. ಅಕ್ಷರ ಚಿಕ್ಕದು ಮಾಡಲ್ಲ, ಚಿತ್ರ ತೆಗೆದೆ. ಫಲಿತಾಂಶ ಮಾತ್ರ ದಪ್ಪಕ್ಷರದಲ್ಲಿ: ಐದು ವಾರದಲ್ಲಿ ಹೃದಯ, ರಕ್ತನಾಳದ ತೊಂದರೆಯಿಂದ ಸತ್ತವರು, ಎರಡೂ ಔಷಧ ಸಿಕ್ಕವರಲ್ಲಿ ನೂರಕ್ಕೆ 8, ಎರಡೂ ಸಿಗದವರಲ್ಲಿ 13. ಈಗ 'ಹೆಪ್ಪು ಕರಗಿಸುವ' ಸರೀನಾ? ಮದ್ದು ಸೇರಿಸದೆ ಹೇಳಿ.