ಮೆಮ್‌ಸೆಟ್ ಇದ್ದರೂ ಬಫರ್ ಖಾಲಿಯಾಗ್ತಿಲ್ಲ, ಕಂಪೈಲರ್ ಬಾಯಿ ಬಿಡ್ತಿಲ್ಲ

ಪ್ರಶ್ನೆ:
ಆರ್ಡುಯಿನೋದಲ್ಲಿ ಟ್ಯಾಂಕ್ ನೀರಿನ ಮಟ್ಟ ತೋರಿಸೋ ಬೋರ್ಡ್ ಮಾಡಿದ್ದೇನೆ. 100 ಇದ್ದದ್ದು 99ಕ್ಕೆ ಇಳಿದರೆ 990 ಅಂತ ತೋರಿಸುತ್ತೆ! ಎಲ್‌ಸಿಡಿ ತಪ್ಪಲ್ಲ, ಸೀರಿಯಲ್ ಮಾನಿಟರ್‌ನಲ್ಲೂ 990. ಅಂಕಿಗಳನ್ನು ಒಂದೊಂದಾಗಿ ನಾನೇ ಬಫರ್‌ಗೆ (ಅಕ್ಷರಗಳನ್ನಿಡೋ ಮೆಮೊರಿ ಜಾಗ) ತುಂಬುತ್ತೇನೆ. ಅದಕ್ಕೂ ಮೊದಲು ಬಫರ್ ಖಾಲಿ ಮಾಡೋಕೆ ಈ ಸಾಲು ಇದೆ, ಕಂಪೈಲರ್ ಇದಕ್ಕೆ ಏನೂ ಹೇಳ್ತಿಲ್ಲ:

ಮೆಮ್‌ಸೆಟ್(ಬಫರ್, ಸೈಜ್‌ಆಫ್ ಬಫರ್, ಖಾಲಿ);

'ಖಾಲಿ' ಅನ್ನೋದು ನನ್ನದೇ ಮ್ಯಾಕ್ರೋ, ಚಾರ್ ಟೈಪ್‌ಗೆ ಕಾಸ್ಟ್ ಮಾಡಿದ (ಟೈಪ್ ಬದಲಿಸಿದ) ಸೊನ್ನೆ. ಬಫರ್ 17 ಬೈಟ್.

ಉತ್ತರ:
ಸಿಕ್ಕಿತು. ಮೆಮ್‌ಸೆಟ್‌ಗೆ ಮೊದಲು ಎಲ್ಲಿ, ಆಮೇಲೆ ಯಾವ ಬೆಲೆ, ಕೊನೆಗೆ ಎಷ್ಟು ಬೈಟ್ ಅಂತ ಹೇಳಬೇಕು. ನೀವು "17 ಅನ್ನೋ ಬೆಲೆಯನ್ನು ಸೊನ್ನೆ ಬೈಟ್ ತುಂಬು" ಅಂದಿದ್ದೀರಿ. ಅದು ಹೇಳಿದಷ್ಟೇ ಮಾಡಿದೆ, ಅಂದರೆ ಏನೂ ಮಾಡಿಲ್ಲ. 100ರ ಕೊನೇ ಸೊನ್ನೆ ಹಾಗೇ ಉಳಿದು 99ಕ್ಕೆ ಬಾಲವಾಯಿತು.

ಬೆಲೆ, ಬೈಟ್ ಲೆಕ್ಕ ಎರಡೂ ಸಂಖ್ಯೆಗಳೇ ಆದ್ದರಿಂದ ಕಂಪೈಲರ್‌ಗೆ ಟೈಪ್ ಲೆಕ್ಕದಲ್ಲಿ ತಪ್ಪು ಕಾಣಲ್ಲ. ಆದರೂ ಇದೇ ತಪ್ಪಿಗೆ ಜಿಸಿಸಿ ಕಂಪೈಲರ್‌ನಲ್ಲಿ ಬೇರೆಯಾಗಿ ಒಂದು ಎಚ್ಚರಿಕೆ ಇದೆ, ವಾಲ್ (-Wall) ಆಯ್ಕೆ ಕೊಟ್ಟರೆ ಅದೂ ಬರುತ್ತೆ. ಆರ್ಡುಯಿನೋ ಐಡಿಇ ಪ್ರಿಫರೆನ್ಸ್‌ನಲ್ಲಿ ಕಂಪೈಲರ್ ವಾರ್ನಿಂಗ್ಸ್ 'ನನ್' (None) ಅಂತಲೇ ಇರುತ್ತೆ, 'ಆಲ್' ಮಾಡಿ ನೋಡಿ.

ಕೇಳಿದವರು:
'ಆಲ್' ಮಾಡಿದೆ. ಈ ಸಾಲಿಗೆ ಏನೂ ಬರಲಿಲ್ಲವಲ್ಲ?

ಉತ್ತರ:
ಕಾಸ್ಟ್ ತೆಗೆದು ಬರೀ 0 ಬರೆಯಿರಿ. ಮೂರನೇ ಜಾಗದಲ್ಲಿ ನೇರವಾಗಿ 0 ಬರೆದಿದ್ದರೆ ಮಾತ್ರ ಜಿಸಿಸಿ ಕೂಗುತ್ತೆ. ಕಾಸ್ಟ್ ಹಾಕಿದರೆ "ಬೇಕಂತಲೇ ಬರೆದಿರಬೇಕು" ಅಂತ ಬಿಟ್ಟುಬಿಡುತ್ತೆ.

ಕೇಳಿದವರು:
ಬಂತು! ಆರ್ಗ್ಯುಮೆಂಟ್ ಅದಲುಬದಲು ಮಾಡಿದೆ, ಈಗ 99 ಸರಿಯಾಗಿದೆ. ಆದರೆ ನಾನೇ ಬರೆದ ಫಂಕ್ಷನ್‌ಗಳ ಕಥೆ ಏನು? ಪಟ್ಟಿ (ಬಾರ್) ಬಿಡಿಸೋ ಫಂಕ್ಷನ್‌ಗೆ ಅಗಲ, ಎತ್ತರ ಎರಡೂ ಇಂಟ್ (ಪೂರ್ಣಾಂಕ).

ಉತ್ತರ:
ಅದಕ್ಕೆ ಕ್ಲ್ಯಾಂಗ್-ಟೈಡಿ ನೋಡಿ, ಕೋಡ್ ಓದಿ ತಪ್ಪು ಹುಡುಕೋ ಟೂಲ್ ಅದು. ಅದರ 'ಸಸ್ಪಿಶಸ್ ಕಾಲ್ ಆರ್ಗ್ಯುಮೆಂಟ್' ತಪಾಸಣೆ ಹೆಸರುಗಳನ್ನು ಹೋಲಿಸುತ್ತೆ. 'ಅಗಲ' ಬೇಕಾದ ಕಡೆ 'ಎತ್ತರ' ಅನ್ನೋ ವೇರಿಯಬಲ್ ಹೋದರೆ ಹಿಡಿಯುತ್ತೆ. ನೀವು ಅ, ಬ ಅಂತ ಹೆಸರಿಟ್ಟಿದ್ದರೆ, ಅಥವಾ ಸುಮ್ನೆ 84, 16 ಅಂತ ಅಂಕಿ ಕೊಟ್ಟರೆ ಅದಕ್ಕೂ ಗೊತ್ತಾಗಲ್ಲ. 'ಈಸಿಲಿ ಸ್ವಾಪಬಲ್ ಪ್ಯಾರಾಮೀಟರ್ಸ್' ಅಂತ ಇನ್ನೊಂದಿದೆ, ಅದು ಫಂಕ್ಷನ್ ಬರೆದ ಜಾಗದಲ್ಲೇ ಬೈಯುತ್ತೆ. ನನಗಂತೂ ಗದ್ದಲ ಜಾಸ್ತಿ ಅನ್ನಿಸಿ ಆಫ್ ಮಾಡಿದ್ದೇನೆ. ನಿಜವಾಗಿ ತಪ್ಪಿಸಬೇಕಂದ್ರೆ ಅಗಲಕ್ಕೊಂದು, ಎತ್ತರಕ್ಕೊಂದು ಸಣ್ಣ ಸ್ಟ್ರಕ್ಟ್ (ನಿಮ್ಮದೇ ಬೇರೆ ಟೈಪ್) ಮಾಡಿ. ಆಗ ಅದಲುಬದಲಾದರೆ ಕಂಪೈಲೇ ಆಗಲ್ಲ.

ಕೇಳಿದವರು:
ಕ್ಲ್ಯಾಂಗ್-ಟೈಡಿ ಓಡಿಸಿದೆ. ಎರಡು ಕಡೆ ತೋರಿಸಿತು. ಒಂದು ನಿಜವಾದ ತಪ್ಪು. ಇನ್ನೊಂದು ಕಡೆ ಪಟ್ಟಿಯನ್ನು ಅಡ್ಡ ಮಲಗಿಸೋಕೆ ನಾನೇ ತಿರುಗಿಸಿದ್ದು, ಅಲ್ಲೊಂದು ಕಾಮೆಂಟ್ ಹಾಕಿದೆ.